ಐಪಿ ಫೋನಿನಲ್ಲಿ ನಮ್ಮ ಮಾತು ನಮಗೇ ಯಾಕೆ ವಾಪಸ್ ಬರುತ್ತದೆ?

ಪ್ರಶ್ನೆ: ಆಫೀಸಿಗೆ ಹೊಸದಾಗಿ ಐಪಿ ಫೋನ್ (ಕಂಪ್ಯೂಟರ್ ನೆಟ್‌ವರ್ಕ್ ಮೂಲಕ ಮಾತು ಸಾಗಿಸುವ ಫೋನ್) ಹಾಕಿಸಿದ್ದೇವೆ. ಹೊರಗಿನ ಲೈನು ಮಾತ್ರ ಹಳೇ ಲ್ಯಾಂಡ್‌ಲೈನೇ. ಹೊರಗಿನವರ ಜೊತೆ ಮಾತಾಡುವಾಗ ನಾವು ಹೇಳಿದ್ದೇ ನಮಗೆ ಮತ್ತೆ ಕೇಳುತ್ತದೆ. ಅದೇ ಲೈನಿಗೆ ಹಳೇ ಫೋನ್ ಸಿಕ್ಕಿಸಿದರೆ ಏನೂ ತೊಂದರೆ ಇಲ್ಲ. ಐಪಿ ಫೋನುಗಳನ್ನೇ ಬದಲಾಯಿಸಬೇಕಾ?

ಉತ್ತರ: ಬೇಡ. ಫೋನ್ ಬದಲಾಯಿಸಿದರೆ ದುಡ್ಡು ಹೋಗುತ್ತದೆ, ಎಕೋ ಹೋಗುವುದಿಲ್ಲ. ಅನುಮಾನ ಇದ್ದರೆ ಆಫೀಸಿನೊಳಗೇ ಒಂದು ಎಕ್ಸ್‌ಟೆನ್ಶನ್‌ನಿಂದ ಇನ್ನೊಂದಕ್ಕೆ ಕಾಲ್ ಮಾಡಿ ನೋಡಿ. ಅಲ್ಲಿ ಎಕೋ ಇಲ್ಲ ಅಂದರೆ ಫೋನುಗಳು ಸರಿಯಾಗಿವೆ.

ಲ್ಯಾಂಡ್‌ಲೈನಿನಲ್ಲಿ ಇರುವುದು ಎರಡೇ ತಂತಿ. ಹೋಗುವ ಮಾತು, ಬರುವ ಮಾತು ಎರಡೂ ಅದರಲ್ಲೇ. ಐಪಿ ಕಡೆ ಎರಡಕ್ಕೂ ಬೇರೆ ಬೇರೆ ದಾರಿ. ಇವೆರಡೂ ಸೇರುವ ಜಾಗ ನಿಮ್ಮ ಗೇಟ್‌ವೇ (ಲ್ಯಾಂಡ್‌ಲೈನನ್ನು ಐಪಿಗೆ ಜೋಡಿಸುವ ಪೆಟ್ಟಿಗೆ) ಅಥವಾ ಕಂಪ್ಯೂಟರಿಗೆ ಹಾಕುವ ಕಾರ್ಡಿನ ಎಫ್‌ಎಕ್ಸ್‌ಒ ಪೋರ್ಟ್, ಅಂದರೆ ಹೊರಗಿನ ಲೈನು ಸಿಕ್ಕಿಸುವ ಜಾಗ. ಅಲ್ಲಿ ಎರಡು ತಂತಿಯ ಮಾತನ್ನು ಎರಡು ದಾರಿಗೆ ಬೇರ್ಪಡಿಸುವ ಹೈಬ್ರಿಡ್ ಅನ್ನುವ ಸರ್ಕ್ಯೂಟ್ ಇರುತ್ತದೆ. ಅದರ ಇಂಪೀಡೆನ್ಸ್ (ಸಿಗ್ನಲ್‌ಗೆ ಒಡ್ಡುವ ತಡೆ) ಲೈನಿನ ಇಂಪೀಡೆನ್ಸ್‌ಗೆ ಹೊಂದದಿದ್ದರೆ ನಿಮ್ಮ ಮಾತಿನ ಒಂದು ಪಾಲು ಅಲ್ಲಿಂದಲೇ ಹಿಂದಕ್ಕೆ ತಿರುಗುತ್ತದೆ.

ಹಳೇ ಫೋನಿನಲ್ಲೂ ಹೀಗೇ ತಿರುಗುತ್ತದೆ. ಆದರೆ ತಕ್ಷಣ ಬಂದುಬಿಡುವುದರಿಂದ ರಿಸೀವರ್‌ನಲ್ಲಿ ನಮ್ಮ ದನಿ ಕೇಳುವುದು ಸಹಜ ಅನಿಸುತ್ತದೆ. ಐಪಿಯಲ್ಲಿ ಮಾತನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ಪ್ಯಾಕೆಟ್ ಮಾಡಿ ಕಳಿಸಬೇಕು, ಆಮೇಲೆ ಹಿಂದೆ ಮುಂದೆ ಬರುವ ಪ್ಯಾಕೆಟ್‌ಗಳನ್ನು ಸಮ ಮಾಡಲು ಜಿಟ್ಟರ್ ಬಫರ್‌ನಲ್ಲಿ ಕಾಯಿಸಬೇಕು. ಹೋಗಿಬರುವಷ್ಟರಲ್ಲಿ ತಡ ಆಗಿರುತ್ತದೆ. ಸುಮಾರು 25 ಮಿಲಿಸೆಕೆಂಡ್ ದಾಟಿದರೆ ಕಿವಿ ಅದನ್ನು ಬೇರೆ ದನಿ ಅಂತ ಗುರುತಿಸಲು ಶುರು ಮಾಡುತ್ತದೆ. ಅಂದರೆ ಐಪಿ ಎಕೋ ಹುಟ್ಟಿಸಲಿಲ್ಲ, ಇದ್ದದ್ದನ್ನು ಕೇಳಿಸಿತು, ಅಷ್ಟೇ.

ಮೊದಲು ವೈರಿಂಗ್ ನೋಡಿ. ಅದೇ ಲೈನಿಗೆ ಎಲ್ಲೋ ಪ್ಯಾರಲಲ್ ಫೋನ್ ಸಿಕ್ಕಿಸಿದ್ದಾರಾ? ಬ್ರಾಡ್‌ಬ್ಯಾಂಡ್ ಕೂಡ ಅದೇ ತಂತಿಯಲ್ಲಿದ್ದರೆ ಗೇಟ್‌ವೇಗೆ ಹೋಗುವ ತಂತಿ ಸ್ಪ್ಲಿಟರ್‌ನ (ಫೋನ್, ಇಂಟರ್ನೆಟ್ ಬೇರ್ಪಡಿಸುವ ಡಬ್ಬಿ) ಫೋನ್ ಪೋರ್ಟಿನಿಂದಲೇ ಬರಬೇಕು. ಮಳೆ ಬಂದಾಗ ಕರಕರ ಸದ್ದು ಜಾಸ್ತಿ ಆಗುತ್ತದೆ ಅಂದರೆ ಜಾಯಿಂಟಿಗೆ ನೀರು ಇಳಿದಿರಬಹುದು. ಅದಕ್ಕೆ ಲೈನ್‌ಮ್ಯಾನ್ ಬರಬೇಕು, ಸೆಟ್ಟಿಂಗ್ ಸಾಲದು.

ಆಮೇಲೆ ಇಂಪೀಡೆನ್ಸ್. ಎಷ್ಟೋ ಪೋರ್ಟುಗಳು 600 ಓಮ್ ಅಂತಲೇ ಬರುತ್ತವೆ. ಗೇಟ್‌ವೇಯಲ್ಲಿ ದೇಶ ಆರಿಸುವ ಸೆಟ್ಟಿಂಗ್ ಇದ್ದರೆ ಇಂಡಿಯಾ ಆರಿಸಿ, ಲೈನನ್ನು ತಾನೇ ಅಳೆಯುವ ಆಯ್ಕೆ ಇದ್ದರೆ ಅದನ್ನೂ ಓಡಿಸಿ. ಆಸ್ಟರಿಸ್ಕ್ (ಕಂಪ್ಯೂಟರನ್ನೇ ಫೋನ್ ಎಕ್ಸ್‌ಚೇಂಜ್ ಮಾಡುವ ಸಾಫ್ಟ್‌ವೇರ್) ಜೊತೆ ಕೆಲವು ಅನಲಾಗ್ ಕಾರ್ಡುಗಳಿಗೆ ಎಫ್‌ಎಕ್ಸ್‌ಒ‌ಟ್ಯೂನ್ ಅನ್ನುವ ಪ್ರೋಗ್ರಾಂ ಇದೆ. ಆಸ್ಟರಿಸ್ಕ್ ನಿಲ್ಲಿಸಿ ಇದನ್ನು ಓಡಿಸಬೇಕು. ಅದು ಒಂದು ಅಂಕಿ ಡಯಲ್ ಮಾಡಿ ಡಯಲ್ ಟೋನ್ ನಿಲ್ಲಿಸಿ, ಬೇರೆ ಬೇರೆ ಸೆಟ್ಟಿಂಗ್‌ನಲ್ಲಿ ಲೈನನ್ನು ಪರೀಕ್ಷೆ ಮಾಡಿ, ಒಳ್ಳೆಯದನ್ನು ಫೈಲಿನಲ್ಲಿ ಬರೆದಿಡುತ್ತದೆ. ಆದರೆ ಮಷೀನ್ ಪ್ರತಿ ಸಲ ಶುರುವಾದಾಗಲೂ ಆ ಫೈಲನ್ನು ಮತ್ತೆ ಹಾಕಿಸಬೇಕು. ಕರೆಂಟ್ ಹೋಗಿಬಂದ ಮೇಲೆ ಎಕೋ ಮರಳಿತು ಅಂದರೆ ಇದೊಂದು ಬಿಟ್ಟುಹೋಗಿದೆಯಾ ನೋಡಿ.

ನನ್ನ ಪ್ರಕಾರ ಜಾಸ್ತಿ ಕೆಡಿಸುವುದು ಗೇನ್, ಅಂದರೆ ದನಿ ಏರಿಸುವ ಸೆಟ್ಟಿಂಗ್. ಮಾತು ಸಣ್ಣಗೆ ಕೇಳುತ್ತದೆ ಅಂತ ಯಾರೋ ಸುಮ್ನೆ ಏರಿಸಿರುತ್ತಾರೆ. ಕಳಿಸುವ ಕಡೆ 3 ಡೆಸಿಬೆಲ್, ಬರುವ ಕಡೆ 3 ಏರಿಸಿದರೆ ಎಕೋ ಎರಡನ್ನೂ ದಾಟಿ ಬರುತ್ತದಲ್ವಾ, ಅದು 6 ಏರುತ್ತದೆ. ಎರಡನ್ನೂ ಸೊನ್ನೆಗೆ ತಂದು, ಒಂದೊಂದೇ ಡೆಸಿಬೆಲ್ ಬದಲಾಯಿಸಿ, ಪ್ರತಿ ಸಲ ಕಾಲ್ ಮಾಡಿ ಕೇಳಿ.

ಎಕೋ ಕ್ಯಾನ್ಸಲರ್ (ಎಕೋವನ್ನು ಅಳಿಸುವ ವ್ಯವಸ್ಥೆ) ಕೊನೆಗೆ. ಜಿ.168 (ಇದಕ್ಕಿರುವ ಅಂತರರಾಷ್ಟ್ರೀಯ ಮಾನದಂಡ) ಮಟ್ಟದ ಕ್ಯಾನ್ಸಲರ್ ಕೆಲಸ ಮಾಡಬೇಕಾದರೆ ತಿರುಗಿ ಬರುವ ದನಿ ಮೂಲಕ್ಕಿಂತ ಕನಿಷ್ಠ 6 ಡೆಸಿಬೆಲ್ ಆದರೂ ಕಡಿಮೆ ಇರಬೇಕು. ಗೇನ್ ಏರಿಸಿಟ್ಟು ಕ್ಯಾನ್ಸಲರ್ ಬೈದು ಪ್ರಯೋಜನವಿಲ್ಲ. ಕಾಲ್ ಶುರುವಾದ ಒಂದೆರಡು ಸೆಕೆಂಡ್ ಎಕೋ ಬಂದು ನಿಂತುಹೋದರೆ ಕ್ಯಾನ್ಸಲರ್ ಲೈನನ್ನು ಕಲಿಯುತ್ತಿದೆ ಅಂತ ಅರ್ಥ.

ನಿಮಗಲ್ಲ, ಗ್ರಾಹಕರಿಗೆ ಎಕೋ ಕೇಳುತ್ತಿದ್ದರೆ ಮೊದಲು ನಿಮ್ಮ ಸ್ಪೀಕರ್‌ಫೋನ್, ಹೆಡ್‌ಸೆಟ್ ವಾಲ್ಯೂಮ್ ಇಳಿಸಿ ನೋಡಿ. ಒಂದೇ ನಂಬರಿಗೆ ಮಾತ್ರ ಬರುತ್ತಿದ್ದರೆ ತೊಂದರೆ ಆ ಕಡೆ ಇರಬಹುದು.

ಈಗಾಗಲೇ ಫೈಬರ್ ಬಂದಿದ್ದು, ಅದರ ಮೋಡೆಮ್‌ನ ಫೋನ್ ಪೋರ್ಟಿನಿಂದ ಗೇಟ್‌ವೇಗೆ ತಂತಿ ಎಳೆದಿದ್ದರೆ, ಡಿಜಿಟಲ್ ಆಗಿ ಬಂದ ಮಾತನ್ನು ನಾಲ್ಕು ಅಡಿ ತಂತಿಗೋಸ್ಕರ ಅನಲಾಗ್ ಮಾಡಿ ಮತ್ತೆ ಡಿಜಿಟಲ್ ಮಾಡುತ್ತಿದ್ದೀರಿ. ಎಸ್‌ಐಪಿ ಟ್ರಂಕ್ (ಐಪಿ ಮೂಲಕವೇ ಬರುವ ಹೊರಗಿನ ಲೈನು) ಕೊಡುತ್ತಾರಾ ಅಂತ ಕಂಪನಿಯವರನ್ನು ಕೇಳಿ. ಆಗ ನಿಮ್ಮ ಕಡೆ ಎರಡು ತಂತಿಯ ಗೋಜೇ ಇರುವುದಿಲ್ಲ.