ನೆನಪು ಗಟ್ಟಿಯಿದ್ದೂ ವಿವೇಚನೆ ಸಡಿಲವಾದಾಗ

ಶಿವಮೊಗ್ಗದ ಕಡೆಯ ನಿವೃತ್ತ ಗಣಿತ ಮೇಷ್ಟ್ರೊಬ್ಬರನ್ನು ಕಲ್ಪಿಸಿಕೊಳ್ಳಿ. ವಯಸ್ಸು 74. ಹಳೆಯ ವಿದ್ಯಾರ್ಥಿಗಳ ಹೆಸರು, ಹತ್ತೊಂಬತ್ತರ ಮಗ್ಗಿ, ತಮ್ಮ ಮದುವೆಯ ವರ್ಷ ಅಕ್ಕಿಗಿದ್ದ ಬೆಲೆ, ಎಲ್ಲವೂ ಅವರ ನಾಲಗೆಯ ತುದಿಯಲ್ಲಿವೆ. ಆದರೆ ಒಂದೊಂದು ರೂಪಾಯಿಗೂ ಲೆಕ್ಕ ಬರೆದಿಡುತ್ತಿದ್ದ ಅವರು ಈ ವರ್ಷ ಫೋನಿನಲ್ಲಿ ಮಾತನಾಡಿದ ಅಪರಿಚಿತನನ್ನು ನಂಬಿ ಠೇವಣಿಯನ್ನು ಅವಧಿಗೆ ಮೊದಲೇ ಮುರಿಸಿದ್ದಾರೆ. ಮನೆಯಲ್ಲಿ ಮಿಕ್ಸಿ ಇದ್ದರೂ ಇನ್ನೆರಡನ್ನು ತರಿಸಿದ್ದಾರೆ. ನೆಂಟರ ಸಾವಿನ ಮನೆಯಲ್ಲಿ ನಗೆಚಟಾಕಿ ಹಾರಿಸಿ ಎಲ್ಲರನ್ನೂ ಮುಜುಗರಕ್ಕೆ ಈಡುಮಾಡಿದ್ದಾರೆ. 'ನೆನಪಿಗೇನೂ ಆಗಿಲ್ಲ, ಹಟ ಜಾಸ್ತಿಯಾಗಿದೆ ಅಷ್ಟೆ' ಎಂದು ಮನೆಯವರು ಸಮಾಧಾನ ಮಾಡಿಕೊಳ್ಳುತ್ತಾರೆ. 'ಅರವತ್ತಕ್ಕೆ ಅರಳುಮರಳು' ಎಂಬ ಗಾದೆಯಂತೂ ಇದ್ದೇ ಇದೆ. ವೈದ್ಯರ ಬಳಿಗೆ ಹೋಗಬೇಕಾದ ಎಷ್ಟೋ ಜನರನ್ನು ಆ ಗಾದೆ ಮನೆಯಲ್ಲೇ ಕೂರಿಸಿದೆ ಎಂದು ನನ್ನ ಅನಿಸಿಕೆ.

ನೆನಪು ಮತ್ತು ವಿವೇಚನೆ ಮಿದುಳಿನಲ್ಲಿ ಒಂದೇ ಕಡೆ ನೆಲೆಸಿಲ್ಲ. ಹೊಸ ನೆನಪು ಕೂಡಿಡುವುದರಲ್ಲಿ ಕಿವಿಯ ನೇರಕ್ಕೆ ಒಳಗಿರುವ ಹಿಪೊಕ್ಯಾಂಪಸ್ ಮುಖ್ಯವಾದರೆ, ಲಾಭನಷ್ಟ ತೂಗುವುದು, ನಾಲಗೆಗೆ ಬಂದ ಮಾತನ್ನು ತಡೆಯುವುದು, 'ಇವನೇಕೆ ಇಷ್ಟು ಅವಸರ ಮಾಡುತ್ತಿದ್ದಾನೆ' ಎಂದು ಸಂಶಯಪಡುವುದು ಬಹುಮಟ್ಟಿಗೆ ಹಣೆಯ ಹಿಂದಿನ ಮುಂಭಾಗದ ಹಾಲೆಯನ್ನು ಅವಲಂಬಿಸಿವೆ. 1848ರಲ್ಲಿ ಅಮೆರಿಕದ ರೈಲುದಾರಿ ಕೆಲಸಗಾರ ಫಿನಿಯಾಸ್ ಗೇಜ್ ಎಂಬಾತನ ತಲೆಯ ಈ ಭಾಗವನ್ನು ಕಬ್ಬಿಣದ ಸಲಾಕೆಯೊಂದು ಸೀಳಿಕೊಂಡು ಹೋಯಿತು. ಆತ ಬದುಕಿ ಉಳಿದ, ಮಾತೂ ನೆನಪೂ ಉಳಿದವು. ಆದರೆ ಅಪಘಾತದ ನಂತರ ಆತ ಮೊದಲಿನ ಮನುಷ್ಯನಾಗಿರಲಿಲ್ಲ ಎಂದು ಚಿಕಿತ್ಸೆ ನೀಡಿದ ವೈದ್ಯರು ದಾಖಲಿಸಿದರು. ಮುಪ್ಪಿನಲ್ಲಿ ಇಂಥ ಹಾನಿ ಸದ್ದಿಲ್ಲದೆ ಆಗುತ್ತದೆ. ಹಲವು ವರ್ಷಗಳ ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆ ಮಿದುಳಿನ ಸಣ್ಣ ರಕ್ತನಾಳಗಳನ್ನು ಕೆಡಿಸಿದಾಗ ಮುಂಭಾಗದ ಹಾಲೆಯನ್ನು ಉಳಿದ ಭಾಗಗಳೊಡನೆ ಜೋಡಿಸುವ ನರತಂತುಗಳು ಸವೆಯುತ್ತವೆ. ಫ್ರಂಟೊಟೆಂಪೊರಲ್ ಡಿಮೆನ್ಷಿಯಾ ಎಂಬ ಮಿದುಳಿನ ಕಾಯಿಲೆಯಲ್ಲಿ ಆ ಹಾಲೆಯ ಕೋಶಗಳೇ ಸಾಯುತ್ತವೆ. ಅದು ಬಹುಪಾಲು 45ರಿಂದ 65ರ ನಡುವೆ ತಲೆದೋರುವುದರಿಂದ ಕಾಯಿಲೆಯೆಂಬ ಅನುಮಾನವೇ ಯಾರಿಗೂ ಬರುವುದಿಲ್ಲ. ಇಂದು ವಾರ ಯಾವುದು, ನೂರರಿಂದ ಏಳೇಳು ಕಳೆಯುತ್ತ ಹೋಗಿ ಎಂದು ಕೇಳುವ 30 ಅಂಕಗಳ ಸಾಮಾನ್ಯ ಪರೀಕ್ಷೆಯಲ್ಲಿ ನಮ್ಮ ಮೇಷ್ಟ್ರು ಸಲೀಸಾಗಿ ತೇರ್ಗಡೆಯಾದಾರು. ಆ ಪರೀಕ್ಷೆ ವಿವೇಚನೆಯನ್ನು ಹೆಚ್ಚೇನೂ ಅಳೆಯುವುದಿಲ್ಲ.

ಹಾಗೆಂದು ಹಿರಿಯರ ಪ್ರತಿಯೊಂದು ತಪ್ಪು ತೀರ್ಮಾನವೂ ರೋಗವಲ್ಲ. ಮೊದಲಿನಿಂದಲೂ ಚೀಟಿ ಹಾಕಿ ಕೈಸುಟ್ಟುಕೊಳ್ಳುತ್ತಿದ್ದವರು ಈಗಲೂ ಸುಟ್ಟುಕೊಂಡರೆ ಅದು ಅವರ ಸ್ವಭಾವ. ಹೋಲಿಸಬೇಕಾದದ್ದು ಅವರನ್ನು ಪಕ್ಕದ ಮನೆಯವರೊಡನೆ ಅಲ್ಲ, ಐದು ವರ್ಷದ ಹಿಂದಿನ ಅವರೊಡನೆಯೇ. ಬೆಂಗಳೂರಿನಿಂದಲೋ ಅಮೆರಿಕದಿಂದಲೋ ಭಾನುವಾರದ ವಿಡಿಯೊ ಕರೆಯಲ್ಲಿ ನೋಡುವ ಮಕ್ಕಳಿಗೆ ಈ ವ್ಯತ್ಯಾಸ ಕಾಣುವುದು ಕಷ್ಟ, ಏಕೆಂದರೆ ಪಕ್ಕದಲ್ಲಿ ಕೂತ ಅಮ್ಮ 'ಹಾಗಲ್ಲ ರೀ' ಎಂದು ಮಾತನ್ನು ತಿದ್ದುತ್ತ, ಅಪ್ಪನ ಅರ್ಧ ವಿವೇಚನೆಯನ್ನು ತಾನೇ ಹೊತ್ತು ನಡೆಸುತ್ತಿರುತ್ತಾಳೆ. ಆಕೆಯನ್ನು ಬೇರೆಯಾಗಿ, ಬಿಡುವಾಗಿ ಮಾತನಾಡಿಸಬೇಕು.

ಬದಲಾವಣೆ ಕೆಲವೇ ಗಂಟೆ ಅಥವಾ ದಿನಗಳಲ್ಲಿ ಕಾಣಿಸಿಕೊಂಡಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು: ಸೋಂಕು, ರಕ್ತದಲ್ಲಿ ಸೋಡಿಯಂ ಕುಸಿತ, ಪಾರ್ಶ್ವವಾಯು ಕಾರಣವಾಗಿರಬಹುದು. ಬಚ್ಚಲಲ್ಲಿ ಜಾರಿ ಬಿದ್ದು ಎಲ್ಲರೂ ಮರೆತ ಪೆಟ್ಟಿನಿಂದ ತಲೆಬುರುಡೆಯೊಳಗೆ ರಕ್ತ ನಿಧಾನವಾಗಿ ಸೇರುತ್ತ, ವಾರಗಳ ಬಳಿಕ ವರ್ತನೆ ಬದಲಾಗುವುದೂ ಉಂಟು. ತಿಂಗಳುಗಳಿಂದ ನಡೆದಿರುವ ಬದಲಾವಣೆಗೂ ತಿದ್ದಬಹುದಾದ ಕಾರಣಗಳಿವೆ. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ಅಲರ್ಜಿಗೋ ನಿದ್ರೆಗೋ ತೆಗೆದುಕೊಳ್ಳುವ ಮಾತ್ರೆ, ಇವನ್ನೆಲ್ಲ ಮೊದಲು ನೋಡಬೇಕು. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಔಷಧಗಳು ಕೆಲವರಲ್ಲಿ ಜೂಜಿನ ಗೀಳನ್ನೂ ದುಂದುಗಾರಿಕೆಯನ್ನೂ ಹುಟ್ಟಿಸುತ್ತವೆ. ವೈದ್ಯರು ಪ್ರಮಾಣವನ್ನು ಕ್ರಮವಾಗಿ ಇಳಿಸಿದರೆ ಅದು ಬಹುತೇಕ ತಗ್ಗುತ್ತದೆ. ಅಂಥ ಅಪ್ಪನನ್ನು ಮನೆಮಂದಿಯೆಲ್ಲ ಬೈದದ್ದು ಒಂದು ಮಾತ್ರೆಯ ತಪ್ಪಿಗೆ. ಆದ್ದರಿಂದ ವೈದ್ಯರ ಬಳಿಗೆ ಹೋಗುವಾಗ ಮನೆಯಲ್ಲಿರುವ ಎಲ್ಲ ಔಷಧಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು, ಯಾವ ತಿಂಗಳಲ್ಲಿ ಏನಾಯಿತೆಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗುವುದು ಲೇಸು.

ಮನೆಯಲ್ಲಿ ವಾದಕ್ಕೆ ಇಳಿದರೆ ಪ್ರಯೋಜನವಿಲ್ಲ. ತನ್ನ ಕೊರತೆಯನ್ನು ಗುರುತಿಸಬೇಕಾದ ಭಾಗವೇ ಕೆಟ್ಟಿರುವಾಗ 'ನಿಮಗೆ ತಿಳಿಯುತ್ತಿಲ್ಲ' ಎಂದರೆ ಅವರಿಗೆ ಅದು ಅವಮಾನವಾಗಿ ಮಾತ್ರ ಕೇಳಿಸುತ್ತದೆ. ಮಗ ಚೆಕ್‌ಬುಕ್ಕು, ಎಟಿಎಂ ಕಾರ್ಡು, ಸ್ಕೂಟರಿನ ಕೀಲಿಯನ್ನು ಒಂದೇ ದಿನ ಕಿತ್ತುಕೊಂಡ ಮನೆಗಳಲ್ಲಿ ಅಪ್ಪ ಮಾತು ಬಿಟ್ಟಿದ್ದನ್ನೂ, ಮುಂದಿನ ವಂಚನೆಯನ್ನು ಮುಚ್ಚಿಟ್ಟಿದ್ದನ್ನೂ ಕಾಣುತ್ತೇವೆ. ಅಪಾಯ ಇರುವಲ್ಲಿಗೆ ಮಾತ್ರ ಬೇಲಿ ಹಾಕುವುದು ಜಾಣತನ: ಬ್ಯಾಂಕಿನಲ್ಲಿ ದಿನದ ವರ್ಗಾವಣೆಯ ಮಿತಿಯನ್ನು ತಗ್ಗಿಸುವುದು, ದೊಡ್ಡ ಠೇವಣಿಗೆ ಇಬ್ಬರ ಸಹಿ ಬೇಕೆಂಬ ವ್ಯವಸ್ಥೆ ಮಾಡುವುದು, ಖಾತೆಯ ಸಂದೇಶಗಳು ಅವರ ಒಪ್ಪಿಗೆಯಿಂದ ಇನ್ನೊಬ್ಬರಿಗೂ ತಲಪುವಂತೆ ಮಾಡುವುದು. ಪೊಲೀಸರ ವೇಷದ ವಂಚಕರು ಫೋನಿನಲ್ಲಿ ಹೆದರಿಸಿ ಹೇಳುವ 'ಡಿಜಿಟಲ್ ಅರೆಸ್ಟ್' ಎಂಬ ಬಂಧನ ನಮ್ಮ ಕಾನೂನಿನಲ್ಲಿಲ್ಲ ಎಂಬುದನ್ನು ದೊಡ್ಡಕ್ಷರದಲ್ಲಿ ಬರೆದು, ಅದರ ಕೆಳಗೆ ಸೈಬರ್ ಸಹಾಯವಾಣಿಯ 1930 ಸಂಖ್ಯೆ ಹಾಕಿ ಫೋನಿನ ಪಕ್ಕ ಅಂಟಿಸಬಹುದು. ಸ್ಕೂಟರಿನ ವಿಷಯದಲ್ಲಿ ಮಾತ್ರ ಕಾಯಲಾಗದು, ಅಲ್ಲಿ ಬೇರೆಯವರ ಜೀವದ ಪ್ರಶ್ನೆಯೂ ಇದೆ.

ಕಾಗದಪತ್ರದ ಕೆಲಸಕ್ಕೆ ತಡಮಾಡಬಾರದು. ಮುಖ್ತ್ಯಾರುನಾಮೆ (ಪವರ್ ಆಫ್ ಅಟಾರ್ನಿ) ಬರೆಸಿಕೊಂಡರೆ ಮುಂದಿನದೆಲ್ಲ ಸುಗಮ ಎಂದು ಹಲವರು ನಂಬಿದ್ದಾರೆ; ಆದರೆ 1872ರ ಕರಾರು ಕಾಯ್ದೆಯ ಪ್ರಕಾರ, ಬರೆದುಕೊಟ್ಟವರು ಬುದ್ಧಿಸ್ವಾಸ್ಥ್ಯ ಕಳೆದುಕೊಂಡರೆ ಆ ಅಧಿಕಾರವೂ ಅಲ್ಲಿಗೇ ಮುಗಿಯುತ್ತದೆ. ಹಾಗಾಗಿ ಉಯಿಲು, ನಾಮನಿರ್ದೇಶನ, ಮುಂದೆ ಎಂಥ ಚಿಕಿತ್ಸೆ ಬೇಕೆಂಬ ಇಚ್ಛೆ, ಇವನ್ನು ಅವರಿಗೆ ತಿಳಿವಳಿಕೆ ಇರುವಾಗಲೇ ಅವರ ಬಾಯಿಂದಲೇ ಕೇಳಿ ಬರೆಸಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯ ವಿಚಾರದಲ್ಲಿ ಹೇಳುವ ಒಂದು ಮಾತನ್ನು ಮಕ್ಕಳು ಇಲ್ಲಿ ನೆನೆಯಬೇಕು: ವ್ಯಕ್ತಿಯ ತೀರ್ಮಾನ ಬೇರೆಯವರಿಗೆ ತಪ್ಪೆಂದು ಕಂಡಮಾತ್ರಕ್ಕೆ ಅವರಿಗೆ ತೀರ್ಮಾನಿಸುವ ಸಾಮರ್ಥ್ಯವಿಲ್ಲ ಎಂದಾಗುವುದಿಲ್ಲ. ಜಮೀನು ಮಾರಲಾಗದವರು ತಮ್ಮ ಊಟ, ದೇವಸ್ಥಾನ, ಸ್ನೇಹಿತರ ಕುರಿತು ಚೆನ್ನಾಗಿಯೇ ತೀರ್ಮಾನಿಸಬಲ್ಲರು.

ಮೇಷ್ಟ್ರ ಹಾಲಿನ ಲೆಕ್ಕ, ಪೇಪರಿನ ಲೆಕ್ಕ ಅವರ ಹಳೆಯ ಪುಸ್ತಕದಲ್ಲೇ ಮುಂದುವರಿಯಲಿ. ಅದರಲ್ಲಿ ಕೂಡಿದ್ದು ತಪ್ಪತೊಡಗಿದ್ದು ಯಾವ ತಿಂಗಳಿಂದ ಎಂದು ಆರು ತಿಂಗಳ ನಂತರದ ಭೇಟಿಯಲ್ಲಿ ನರರೋಗ ತಜ್ಞರು ಕೇಳಿದಾಗ, ಉತ್ತರ ಅವರದೇ ಕೈಬರಹದಲ್ಲಿ ಸಿಗುತ್ತದೆ.