ಗಾಮಾ ಕಿರಣಕ್ಕೂ ಅಳಿಯದ ಜೀವಕೋಶ

ಬ್ಯಾಡಗಿ ಮೆಣಸಿನಕಾಯಿ ಕೊಳ್ಳಲೆಂದು ವಾಶಿಯ ಸಗಟು ಮಾರುಕಟ್ಟೆಗೆ ಹೋಗುವ ಮುಂಬೈ ಕನ್ನಡಿಗರಲ್ಲಿ ಅನೇಕರಿಗೆ, ಮಸಾಲೆ ಪದಾರ್ಥಗಳಲ್ಲಿನ ಸೂಕ್ಷ್ಮಾಣುಗಳನ್ನು ಗಾಮಾ ಕಿರಣಗಳಿಂದ ಕೊಲ್ಲುವ ಘಟಕವೊಂದು ಅದೇ ವಾಶಿಯಲ್ಲಿ 2000ನೇ ಇಸವಿಯಿಂದ ಇರುವುದು ತಿಳಿದಿರಲಾರದು. ಅಲ್ಲಿ ಬಳಸುವ ಪ್ರಮಾಣ ಹಲವು ಸಾವಿರ ಗ್ರೇ (ಹೀರಿಕೊಂಡ ವಿಕಿರಣವನ್ನು ಅಳೆಯುವ ಮಾನ). ಮನುಷ್ಯನ ಇಡೀ ದೇಹಕ್ಕೆ ಒಮ್ಮೆಲೇ 5 ಗ್ರೇ ತಾಗಿದರೂ ಚಿಕಿತ್ಸೆಯಿಲ್ಲದೆ ಬದುಕುಳಿಯುವುದು ಕಷ್ಟ.

ಆದರೆ 1956ರಲ್ಲಿ ಅಮೆರಿಕದ ಆರೆಗನ್‌ನಲ್ಲಿ ಆರ್ಥರ್ ಆ್ಯಂಡರ್ಸನ್ ಮತ್ತು ಸಂಗಡಿಗರು, ಎಲ್ಲ ಜೀವಿಗಳೂ ಸಾಯಬೇಕಾದಷ್ಟು ವಿಕಿರಣ ಹಾಯಿಸಿದ್ದ ಡಬ್ಬಿಯ ಮಾಂಸ ಕೆಟ್ಟುಹೋದುದನ್ನು ಕಂಡು, ಅದರಲ್ಲಿ ಉಳಿದಿದ್ದ ಕೆಂಪು ಬಣ್ಣದ ಬ್ಯಾಕ್ಟೀರಿಯವೊಂದನ್ನು ಬೇರ್ಪಡಿಸಿದರು. ಇಂದು ಡೈನೋಕಾಕಸ್ ರೇಡಿಯೋಡ್ಯುರಾನ್ಸ್ ಎಂದು ಕರೆಯಲಾಗುವ ಈ ಜೀವಿ 5,000 ಗ್ರೇ ಪ್ರಮಾಣವನ್ನು ಹೆಚ್ಚು ನಷ್ಟವಿಲ್ಲದೆ ತಾಳಿಕೊಳ್ಳುತ್ತದೆ.

ಕಿರಣಗಳನ್ನು ತಡೆಯುವ ಕವಚವೇನೂ ಇದಕ್ಕಿಲ್ಲ. ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ತಿರುಳು ಇರುವುದು ಇಲ್ಲಿಯೇ. ಅಷ್ಟೇ ವಿಕಿರಣ ತಾಗಿದಾಗ ಕರುಳಿನ ಸಾಮಾನ್ಯ ಬ್ಯಾಕ್ಟೀರಿಯವಾದ ಇ. ಕೋಲಿಯ ಡಿಎನ್‌ಎ ಎಷ್ಟು ತುಂಡಾಗುತ್ತದೆಯೋ ಇದರದೂ ಹೆಚ್ಚುಕಡಿಮೆ ಅಷ್ಟೇ ತುಂಡಾಗುತ್ತದೆ. ವ್ಯತ್ಯಾಸವಿರುವುದು ಪ್ರೋಟೀನುಗಳಲ್ಲಿ. ವಿಕಿರಣವು ಕೋಶದೊಳಗಿನ ನೀರನ್ನು ಒಡೆದಾಗ ಹುಟ್ಟುವ, ಆಮ್ಲಜನಕವನ್ನುಳ್ಳ ತೀವ್ರ ಕ್ರಿಯಾಶೀಲ ಕಣಗಳು ಇತರ ಜೀವಿಗಳಲ್ಲಿ ಡಿಎನ್‌ಎ ದುರಸ್ತಿ ಮಾಡಬೇಕಾದ ಪ್ರೋಟೀನುಗಳನ್ನೇ ಹಾಳುಗೆಡವುತ್ತವೆ. ಡೈನೋಕಾಕಸ್‌ನಲ್ಲಿ ಕಬ್ಬಿಣಕ್ಕೆ ಹೋಲಿಸಿದರೆ ಮ್ಯಾಂಗನೀಸ್ ಅಧಿಕವಾಗಿದ್ದು, ಅದು ಸಣ್ಣ ಅಣುಗಳೊಡನೆ ಕೂಡಿ ಪ್ರೋಟೀನುಗಳನ್ನು ರಕ್ಷಿಸುತ್ತದೆ ಎಂಬುದನ್ನು ಮೈಕೆಲ್ ಡೇಲಿ ಅವರ ತಂಡದ ಅಧ್ಯಯನಗಳು ಸೂಚಿಸಿವೆ. ಮನೆ ಬಿದ್ದರೂ ಗೌಂಡಿ ಉಳಿದಿದ್ದರೆ ಮತ್ತೆ ಕಟ್ಟಿಯಾನು.

ಕಟ್ಟುವ ಬಗೆಯೂ ಸೊಗಸಾದುದು. ಪ್ರತಿ ಕೋಶದಲ್ಲೂ ಜೀನೋಮಿನ, ಅಂದರೆ ಜೀವಿಯ ಇಡೀ ಡಿಎನ್‌ಎಯ, ಹಲವು ಪ್ರತಿಗಳಿರುವುದರಿಂದ ಒಂದು ಪ್ರತಿ ಮುರಿದ ಕಡೆಯಲ್ಲೇ ಇನ್ನೊಂದೂ ಮುರಿದಿರುವ ಸಂಭವ ಕಡಿಮೆ. ಒಂದರ ತುಂಡನ್ನು ಮಾದರಿಯಾಗಿಟ್ಟು ಇನ್ನೊಂದರ ತುಂಡನ್ನು ಬೆಳೆಸಿ, ಬೆಳೆದ ತುದಿಗಳನ್ನು ಪರಸ್ಪರ ಬೆಸೆದು, ಕೆಲವೇ ಗಂಟೆಗಳಲ್ಲಿ ಇಡೀ ಜೀನೋಮು ಮತ್ತೆ ರೂಪುಗೊಳ್ಳುತ್ತದೆ.

ಭೂಮಿಯ ಮೇಲೆ ಇಷ್ಟು ವಿಕಿರಣವುಳ್ಳ ನೈಸರ್ಗಿಕ ನೆಲೆಯೇ ಇಲ್ಲದಿರುವಾಗ ಈ ಸಾಮರ್ಥ್ಯ ಬಂದದ್ದಾದರೂ ಏಕೆ? ವಿಕಿರಣ ತಾಳಲಾರದ ಡೈನೋಕಾಕಸ್ ತಳಿಗಳು ಒಣಗುವಿಕೆಯನ್ನೂ ತಾಳಲಾರವೆಂದು 1996ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದವು. ನೀರಿಲ್ಲದೆ ಒಣಗುವಾಗಲೂ ಡಿಎನ್‌ಎ ತುಂಡಾಗುವುದರಿಂದ, ಬರಗಾಲಕ್ಕೆಂದು ವಿಕಾಸಗೊಂಡ ಗುಣವೇ ವಿಕಿರಣಕ್ಕೂ ಒದಗಿತೆಂಬ ವಿವರಣೆ ನನಗೆ ಸಮರ್ಪಕವೆನಿಸುತ್ತದೆ.

ವಾಶಿ ಖಾರಿಯ ಆಚೆ ದಡದ ಟ್ರಾಂಬೆಯಲ್ಲಿ, ಭಾಭಾ ಪರಮಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಈ ಜೀವಿಯನ್ನು ಕೆಲಸಕ್ಕೂ ಹಚ್ಚಿದ್ದಾರೆ. ಫಾಸ್ಫೇಟ್ ಬಿಡುಗಡೆ ಮಾಡುವ ಕಿಣ್ವದ ಜೀನನ್ನು ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯದಿಂದ ತೆಗೆದು ಇದರೊಳಗೆ ಸೇರಿಸಿದಾಗ, ದ್ರಾವಣದಲ್ಲಿ ಕರಗಿದ್ದ ಯುರೇನಿಯಮ್ ಫಾಸ್ಫೇಟ್‌ನೊಡನೆ ಕೂಡಿ ಗಷ್ಟಾಗಿ ಕೆಳಗಿಳಿಯಿತು. 2006ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ, 6,000 ಗ್ರೇ ಗಾಮಾ ವಿಕಿರಣ ತಾಗಿದ ಬಳಿಕವೂ ಆ ಕೋಶಗಳು ಯುರೇನಿಯಮನ್ನು ಬೇರ್ಪಡಿಸುವ ಶಕ್ತಿಯನ್ನು ಉಳಿಸಿಕೊಂಡಿದ್ದವು.