ಹೊಸ ಕೋಚ್ ಯಾರು ಅಂತ ಕೇಳುವ ಮೊದಲು

ಕೇರಳ ಬ್ಲಾಸ್ಟರ್ಸ್ ಫುಟ್‌ಬಾಲ್ ಟೀಮಿನ ಕೋಚನ್ನು ತೆಗೆದರು ಎಂಬ ಸುದ್ದಿ ಬಂದ ದಿನ ನಮ್ಮ ಕಾಸರಗೋಡಿನಲ್ಲಿ ಬೇರೆ ಮಾತೇ ಇರುವುದಿಲ್ಲ. ಉಪ್ಪಳದ ಚಾದ ಅಂಗಡಿಯಲ್ಲಿ ತುಳುವಿನಲ್ಲಿ ಶುರುವಾದ ವಾದ ಮಲಯಾಳಕ್ಕೆ ಹೋಗಿ, ಕನ್ನಡಕ್ಕೆ ಬಂದು, ಅಂಗಡಿ ಮುಚ್ಚಿದ ಮೇಲೂ ರಸ್ತೆ ಬದಿಯಲ್ಲಿ ನಡೆಯುತ್ತಿರುತ್ತದೆ. "ಸ್ಟ್ರಿಕ್ಟ್ ಇರುವವ ಬೇಕು ಮಾರಾಯ, ಇವ ಪ್ಲೇಯರ್‌ಗಳನ್ನು ತಲೆ ಮೇಲೆ ಕೂರಿಸಿದ್ದ" ಅಂತ ಒಬ್ಬರು. "ಕಪ್ ಗೆದ್ದು ಗೊತ್ತಿರುವವ ಬೇಕು" ಅಂತ ಇನ್ನೊಬ್ಬರು. "ಮೊದಲು ನಮ್ಮ ಹುಡುಗರನ್ನು ಆಡಿಸುವವ ಬರಲಿ" ಅಂತ ಮೂರನೆಯವರು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ಅಭಿಮಾನಿಗಳದ್ದೂ ಇದೇ ಕಥೆ, ಹೆಸರು ಮಾತ್ರ ಬೇರೆ.

ಈ ಚರ್ಚೆ ನನಗೆ ತುಂಬಾ ಇಷ್ಟ. ಆದರೆ ಇದರಲ್ಲಿ ಒಂದು ಪ್ರಶ್ನೆ ಯಾವಾಗಲೂ ಹಿಂದೆ ಉಳಿದುಬಿಡುತ್ತದೆ. ಹಳೆಯ ಕೋಚ್ ಸೋತದ್ದು ಅವರ ತಪ್ಪಿನಿಂದಲೇ ಅಂತ ನಮಗೆ ಹೇಗೆ ಗೊತ್ತು? ಅದು ಗೊತ್ತಿಲ್ಲದಿದ್ದರೆ ಹೊಸಬರಲ್ಲಿ ಏನು ಹುಡುಕಬೇಕು ಅಂತಲೂ ಗೊತ್ತಾಗುವುದಿಲ್ಲ ಅಲ್ವಾ? ಇದಕ್ಕೆ ಉತ್ತರ ಹುಡುಕಲು ಸ್ವಲ್ಪ ಲೆಕ್ಕ ಬೇಕು. ಕಷ್ಟದ ಲೆಕ್ಕ ಏನಲ್ಲ.

ಫುಟ್‌ಬಾಲ್‌ನಲ್ಲಿ ಗೋಲು ಬಹಳ ಅಪರೂಪ. ದೊಡ್ಡ ಲೀಗ್‌ಗಳಲ್ಲಿ ಎರಡೂ ಟೀಮು ಸೇರಿ ಒಂದು ಪಂದ್ಯಕ್ಕೆ ಸರಾಸರಿ ಎರಡೂವರೆಯಿಂದ ಮೂರು ಗೋಲು, ಅಷ್ಟೇ. ಕಬಡ್ಡಿಯಲ್ಲೋ ಬಾಸ್ಕೆಟ್‌ಬಾಲ್‌ನಲ್ಲೋ ಆದರೆ ಪಾಯಿಂಟುಗಳು ಹತ್ತಾರು ಬರುತ್ತವೆ, ಒಂದೆರಡು ಕಡೆ ಅದೃಷ್ಟ ಕೈಕೊಟ್ಟರೂ ಉಳಿದವು ಅದನ್ನು ಸರಿಮಾಡುತ್ತವೆ, ಹಾಗಾಗಿ ಒಳ್ಳೆಯ ಟೀಮು ಹೆಚ್ಚಾಗಿ ಗೆಲ್ಲುತ್ತದೆ. ಫುಟ್‌ಬಾಲ್‌ನಲ್ಲಿ ಒಂದು ಚೆಂಡು ಡಿಫೆಂಡರ್ ಕಾಲಿಗೆ ತಾಗಿ ದಿಕ್ಕು ತಪ್ಪಿದರೆ ಇಡೀ ಪಂದ್ಯವೇ ಮುಗಿಯಬಹುದು.

ಅಪರೂಪಕ್ಕೆ ಆಗುವ ಸಂಗತಿಗಳನ್ನು ಎಣಿಸಲು ಫ್ರೆಂಚ್ ಗಣಿತಜ್ಞ ಪ್ವಾಸೋನ್ 19ನೇ ಶತಮಾನದಲ್ಲಿ ಒಂದು ಸೂತ್ರ ಕೊಟ್ಟಿದ್ದರು. 1982ರಲ್ಲಿ ಮೈಕೆಲ್ ಮಾಹರ್ ಎಂಬ ಸಂಖ್ಯಾಶಾಸ್ತ್ರಜ್ಞರು ಇಂಗ್ಲಿಷ್ ಫುಟ್‌ಬಾಲ್‌ನ ಗೋಲುಗಳಿಗೆ ಆ ಸೂತ್ರ ಸಾಕಷ್ಟು ಚೆನ್ನಾಗಿ ಹೊಂದುತ್ತದೆ ಅಂತ ತೋರಿಸಿದರು. ನಾವೂ ಅದನ್ನೇ ಬಳಸೋಣ. ನಮ್ಮ ಟೀಮು ಸರಾಸರಿ ಪಂದ್ಯಕ್ಕೆ ಒಂದೂವರೆ ಗೋಲು ಹೊಡೆಯುತ್ತದೆ, ಎದುರಾಳಿಗೆ ಒಂದು ಗೋಲು ಬಿಟ್ಟುಕೊಡುತ್ತದೆ ಅಂತ ಇಟ್ಟುಕೊಳ್ಳಿ. ಇದು ಒಳ್ಳೆಯ ಟೀಮು, ಎದುರಾಳಿಗಿಂತ ಸ್ಪಷ್ಟವಾಗಿ ಮೇಲೆ. ಅದು ಗೆಲ್ಲುವ ಸಾಧ್ಯತೆ ಎಷ್ಟು? ಲೆಕ್ಕ ಹಾಕಿದರೆ ನೂರಕ್ಕೆ 49. ಡ್ರಾ 26. ಸೋಲು 25. ಅಂದರೆ ಎದುರಿನವರಿಗಿಂತ ಚೆನ್ನಾಗಿ ಆಡುವ ಟೀಮು ಕೂಡ ನಾಲ್ಕರಲ್ಲಿ ಒಂದು ಪಂದ್ಯ ಸೋಲುತ್ತದೆ, ಗೆಲ್ಲದೆ ಹೋಗುವುದು ಅರ್ಧಕ್ಕಿಂತ ಜಾಸ್ತಿ.

ಈಗ ಇದೇ ಟೀಮು 38 ಪಂದ್ಯದ ಸೀಸನ್ ಆಡಲಿ. ಕೋಚ್ ಬದಲಾಗಿಲ್ಲ, ಆಟಗಾರರು ಬದಲಾಗಿಲ್ಲ, ಪ್ರತಿ ವಾರವೂ ಆಟದ ಮಟ್ಟ ಒಂದೇ. ಆದರೂ ಆ ಸೀಸನ್‌ನಲ್ಲಿ ಎಲ್ಲೋ ಒಂದು ಕಡೆ ಸಾಲಾಗಿ ಐದು ಪಂದ್ಯ ಗೆಲ್ಲದೆ ಹೋಗುವ ಸಾಧ್ಯತೆ ಹೆಚ್ಚುಕಡಿಮೆ ಅರ್ಧದಷ್ಟಿದೆ. ಬ್ಲಾಸ್ಟರ್ಸ್ ಆಡುವ ಐಎಸ್‌ಎಲ್‌ನ (ಇಂಡಿಯನ್ ಸೂಪರ್ ಲೀಗ್) 24 ಪಂದ್ಯಗಳ ಸೀಸನ್ ಆದರೆ ಮೂರರಲ್ಲಿ ಒಂದು. ಐದು ಪಂದ್ಯ ಗೆಲುವಿಲ್ಲ ಅಂದರೆ ನಮ್ಮಲ್ಲಿ ಏನಾಗುತ್ತದೆ ಅಂತ ನಿಮಗೆ ಗೊತ್ತು. ಗ್ಯಾಲರಿ ಖಾಲಿಯಾಗುತ್ತದೆ, ಬ್ಯಾನರ್ ಏಳುತ್ತದೆ, "ಡ್ರೆಸ್ಸಿಂಗ್ ರೂಮ್ ಅವನ ಕೈಯಲ್ಲಿಲ್ಲ" ಎಂಬ ಮಾತು ಹಬ್ಬುತ್ತದೆ. ಯಾರದ್ದೂ ತಪ್ಪಿಲ್ಲದೆ, ಬರೀ ಗೋಲು ಕಡಿಮೆ ಇರುವ ಆಟ ಎಂಬ ಒಂದೇ ಕಾರಣಕ್ಕೆ, ಇಷ್ಟೆಲ್ಲ ಆಗಬಹುದು. ನಿಜವಾದ ಕೆಟ್ಟ ಕೋಚ್ ಇರುವ ಟೀಮಿನ ಐದು ಪಂದ್ಯವೂ ಹೀಗೇ ಕಾಣುತ್ತದೆ. ಫಲಿತಾಂಶ ಮಾತ್ರ ನೋಡಿದರೆ ಎರಡನ್ನೂ ಬೇರೆ ಮಾಡಲು ಆಗುವುದಿಲ್ಲ.

"ಫೈನಲ್ ಗೆಲ್ಲಿಸುವ ಕೋಚ್ ಬೇಕು" ಎಂಬ ವಾದವನ್ನೂ ಇದೇ ಕಣ್ಣಲ್ಲಿ ನೋಡಬೇಕು. ಬ್ಲಾಸ್ಟರ್ಸ್ ಮೂರು ಐಎಸ್‌ಎಲ್ ಫೈನಲ್ ಸೋತಿದೆ. 2014ರಲ್ಲಿ ಡೇವಿಡ್ ಜೇಮ್ಸ್ ಇದ್ದಾಗ, ಹೆಚ್ಚುವರಿ ನಿಮಿಷಗಳಲ್ಲಿ ಬಿದ್ದ ಒಂದೇ ಗೋಲಿನಿಂದ. 2016ರಲ್ಲಿ ಸ್ಟೀವ್ ಕೊಪೆಲ್ ಇದ್ದಾಗ, ಕೊಚ್ಚಿಯಲ್ಲೇ, ಪೆನಾಲ್ಟಿ ಶೂಟೌಟ್‌ನಲ್ಲಿ 4-3. ಆ ದಿನ ಬ್ಲಾಸ್ಟರ್ಸ್ ಪರ ಗೋಲು ಹೊಡೆದದ್ದು ನಮ್ಮ ಜಿಲ್ಲೆಯ ತ್ರಿಕ್ಕರಿಪುರದ ಮೊಹಮ್ಮದ್ ರಾಫಿ, ಆ ಹೆಡರನ್ನು ಇಲ್ಲಿ ಇವತ್ತಿಗೂ ಯಾರೂ ಮರೆತಿಲ್ಲ. 2022ರಲ್ಲಿ ಇವಾನ್ ವುಕೊಮನೊವಿಚ್ ಇದ್ದಾಗ ಹೈದರಾಬಾದ್ ಎದುರು ಮತ್ತೆ ಶೂಟೌಟ್. ಮೂರೂ ಫೈನಲ್‌ಗಳು ಸಮಬಲದ ಪಂದ್ಯಗಳು ಅಂದುಕೊಂಡರೆ ಮೂರನ್ನೂ ಸೋಲುವ ಸಾಧ್ಯತೆ ಎಂಟರಲ್ಲಿ ಒಂದು. ನೋವಾಗುತ್ತದೆ, ಆದರೆ ನಂಬಲಾಗದ ಸಂಗತಿ ಅಲ್ಲ. ಮೂವರೂ ಕೋಚ್‌ಗಳು ಟೀಮನ್ನು ಫೈನಲ್‌ವರೆಗೆ ತಂದಿದ್ದರು. ಅವರ ಕೆಲಸ ಕಾಣುವುದು ಅಲ್ಲಿ, ಟೈಬ್ರೇಕರ್‌ನ ಒಂದು ಒದೆತದಲ್ಲಿ ಅಲ್ಲ.

ಸರಿ, ಆದರೆ ಕೋಚ್ ಬದಲಾದ ಕೂಡಲೇ ಟೀಮು ಗೆಲ್ಲಲು ಶುರುಮಾಡುತ್ತದಲ್ಲ, ಅದು ಹೇಗೆ? ಇದು ನಿಜವಾಗಿಯೂ ಒಳ್ಳೆಯ ಪ್ರಶ್ನೆ. ಜ್ವರ ತೀರಾ ಏರಿದ ದಿನ ಕಷಾಯ ಕುಡಿಯುತ್ತೇವೆ, ಮರುದಿನ ಜ್ವರ ಇಳಿಯುತ್ತದೆ, ಹೆಸರು ಕಷಾಯಕ್ಕೆ ಬರುತ್ತದೆ. ಕಷಾಯ ಕೆಲಸ ಮಾಡಿರಲೂಬಹುದು. ಆದರೆ ಜ್ವರ ಅತಿ ಹೆಚ್ಚಿದ್ದ ದಿನದ ನಂತರ ಅದು ಇಳಿಯುವುದೇ ಸಹಜ, ಕುಡಿಯದಿದ್ದರೂ. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ಅಪ್ಪ ಅಮ್ಮ ಮತ್ತು ಮಕ್ಕಳ ಎತ್ತರ ಅಳೆದು ಇದನ್ನೇ ಕಂಡರು: ಬಹಳ ಎತ್ತರದವರ ಮಕ್ಕಳು ಸಾಮಾನ್ಯವಾಗಿ ಅವರಿಗಿಂತ ಸ್ವಲ್ಪ ಗಿಡ್ಡ, ಬಹಳ ಗಿಡ್ಡ ಇರುವವರ ಮಕ್ಕಳು ಸ್ವಲ್ಪ ಎತ್ತರ. ಅದೃಷ್ಟದ ಪಾಲು ಇರುವ ಯಾವುದೇ ಅಳತೆಯಲ್ಲಿ ತೀರಾ ಮೇಲಿನದ್ದೂ ತೀರಾ ಕೆಳಗಿನದ್ದೂ ಮುಂದಿನ ಸಲ ಸರಾಸರಿಯ ಕಡೆಗೆ ಸರಿಯುತ್ತದೆ. ಕ್ಲಬ್‌ಗಳು ಕೋಚನ್ನು ಕಳಿಸುವುದು ಯಾವಾಗ? ಟೀಮು ತೀರಾ ಕೆಳಗೆ ಬಿದ್ದಾಗ. ಅಲ್ಲಿಂದ ಮೇಲೆ ಬರುವುದಕ್ಕೆ ಹೊಸ ಕೋಚ್ ಬೇಕೇ ಬೇಕು ಅಂತಿಲ್ಲ.

ಇದನ್ನು ಪರೀಕ್ಷೆ ಮಾಡಿ ನೋಡಬಹುದು, ಮಾಡಿದ್ದಾರೆ ಕೂಡ. ಡಚ್ ಅರ್ಥಶಾಸ್ತ್ರಜ್ಞ ಬಾಸ್ ಟರ್ ವೇಲ್ ತಮ್ಮ ದೇಶದ ಲೀಗಿನ 1986ರಿಂದ 2004ರವರೆಗಿನ ಫಲಿತಾಂಶಗಳನ್ನು ತೆಗೆದುಕೊಂಡು 2011ರಲ್ಲಿ ಅಧ್ಯಯನ ಪ್ರಕಟಿಸಿದರು. ಕೋಚನ್ನು ತೆಗೆದ ಟೀಮುಗಳು ಆಮೇಲೆ ಸುಧಾರಿಸಿದ್ದು ನಿಜ. ಅವರು ಅಷ್ಟಕ್ಕೇ ನಿಲ್ಲಲಿಲ್ಲ. ಅದೇ ರೀತಿ ಕುಸಿದಿದ್ದರೂ ಕೋಚನ್ನು ಉಳಿಸಿಕೊಂಡ ಟೀಮುಗಳನ್ನೂ ಪಕ್ಕದಲ್ಲಿಟ್ಟು ನೋಡಿದರು. ಅವೂ ಅದೇ ಥರ ಚೇತರಿಸಿಕೊಂಡಿದ್ದವು! ಒಂದೇ ಕ್ಲಬ್ಬನ್ನು ನೋಡುತ್ತಾ ಕೂತ ಅಭಿಮಾನಿಗೆ ಈ ಹೋಲಿಕೆ ಯಾವತ್ತೂ ಸಿಗುವುದಿಲ್ಲ. "ಕೋಚನ್ನು ಉಳಿಸಿಕೊಂಡಿದ್ದರೆ ಏನಾಗುತ್ತಿತ್ತು" ಎಂಬ ಇನ್ನೊಂದು ಬ್ಲಾಸ್ಟರ್ಸ್ ನಮ್ಮ ಹತ್ತಿರ ಇಲ್ಲವಲ್ಲ.

ಇದಕ್ಕೆ ಓಲೆ ಗುನ್ನಾರ್ ಸೋಲ್‌ಶೇರ್ ಅವರ ಕಥೆಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. 2018ರ ಡಿಸೆಂಬರ್‌ನಲ್ಲಿ ಕೋಚ್ ಮೌರಿನ್ಯೊ ಹೋದ ಮೇಲೆ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಹಂಗಾಮಿ ಕೋಚ್ ಆಗಿ ಬಂದರು. ಮೊದಲ ಎಂಟು ಪಂದ್ಯ ಸಾಲಾಗಿ ಗೆದ್ದರು. ಅದರಲ್ಲಿ ಮೊದಲನೆಯದು ಕಾರ್ಡಿಫ್ ಎದುರು 5-1, ಎರಡನೆಯದು ಹಡರ್ಸ್‌ಫೀಲ್ಡ್ ಎದುರು 3-1. ಮಾರ್ಚ್ ಕೊನೆಗೆ ಕೆಲಸ ಕಾಯಂ ಆಯಿತು. ಆ ಸೀಸನ್‌ನ ಕೊನೆಯ ಐದು ಲೀಗ್ ಪಂದ್ಯಗಳಲ್ಲಿ ಒಂದನ್ನೂ ಗೆಲ್ಲಲಿಲ್ಲ, ಮತ್ತು ಕೊನೆಯ ಎರಡು ಪಂದ್ಯ ಅದೇ ಹಡರ್ಸ್‌ಫೀಲ್ಡ್, ಅದೇ ಕಾರ್ಡಿಫ್ ಎದುರು: 1-1 ಡ್ರಾ, 0-2 ಸೋಲು. ಎರಡೂ ಟೀಮುಗಳು ಆ ವರ್ಷ ಕೆಳಗಿನ ದರ್ಜೆಗೆ ಇಳಿದಂಥವು. ಕೋಚ್ ಅದೇ, ಆಟಗಾರರು ಅವರೇ, ಎದುರಾಳಿ ಅದೇ, ನಡುವೆ ಐದು ತಿಂಗಳು. ಡಿಸೆಂಬರ್‌ನಲ್ಲಿ ಅವರನ್ನು ಹೊಗಳಿದ್ದೂ ಮೇಯಲ್ಲಿ ಬೈದದ್ದೂ ಎರಡೂ ಸ್ವಲ್ಪ ಅವಸರದ್ದೇ.

ನಮ್ಮಲ್ಲೂ 2024ರ ಡಿಸೆಂಬರ್‌ನಲ್ಲಿ 12 ಪಂದ್ಯಗಳಲ್ಲಿ ಮೂರೇ ಗೆಲುವು ಕಂಡ ಮಿಕೇಲ್ ಸ್ಟಾರೆ ಅವರನ್ನು ಕಳಿಸಿದರು. ಮುಂದಿನ ಪಂದ್ಯದಲ್ಲೇ ಕೋಲ್ಕತ್ತಾದ ಮೊಹಮ್ಮಡನ್ ಟೀಮಿನ ಎದುರು 3-0 ಗೆಲುವು. ಸೀಸನ್ ಮುಗಿದಾಗ ಎಂಟನೇ ಸ್ಥಾನ, ಪ್ಲೇಆಫ್ ಇಲ್ಲ.

ಹಾಗಾದರೆ ಲೀಗಿನ ಪಟ್ಟಿಯನ್ನು ನಿರ್ಧರಿಸುವುದು ಯಾವುದು? ದೊಡ್ಡ ಪಾಲು ದುಡ್ಡು. ಅರ್ಥಶಾಸ್ತ್ರಜ್ಞ ಸ್ಟೆಫಾನ್ ಶಿಮಾನ್ಸ್ಕಿ ಇಂಗ್ಲೆಂಡಿನ ಕ್ಲಬ್‌ಗಳನ್ನು ಹಲವು ವರ್ಷಗಳ ಸರಾಸರಿಯಲ್ಲಿ ನೋಡಿದಾಗ, ಆಟಗಾರರ ಸಂಬಳದ ಒಟ್ಟು ಮೊತ್ತವೇ ಸ್ಥಾನಗಳ ವ್ಯತ್ಯಾಸದಲ್ಲಿ ಸುಮಾರು ಹತ್ತಕ್ಕೆ ಒಂಬತ್ತು ಪಾಲನ್ನು ವಿವರಿಸುತ್ತದೆ ಅಂತ ಕಂಡರು. ಐಎಸ್‌ಎಲ್‌ನಲ್ಲಿ ಸಂಬಳಕ್ಕೆ ಮಿತಿ ಇದೆ, ಹಾಗಾಗಿ ಟೀಮುಗಳ ನಡುವಿನ ಅಂತರ ಅಷ್ಟು ದೊಡ್ಡದಿರುವುದಿಲ್ಲ. ಅಂತರ ಕಡಿಮೆ ಇದ್ದಷ್ಟೂ ಅದೃಷ್ಟದ ಆಟ ಜಾಸ್ತಿ, ನಮ್ಮ ಲೀಗಿನಲ್ಲಿ ಎಂಟು ಹತ್ತು ಪಂದ್ಯ ನೋಡಿ ತೀರ್ಪು ಕೊಡುವುದು ಇನ್ನೂ ಅಪಾಯ.

"ಕಪ್ ಗೆದ್ದವರನ್ನೇ ತನ್ನಿ" ಎಂಬುದಕ್ಕೆ ಕಿಬು ವಿಕುನಾ ಅವರ ಉದಾಹರಣೆಯೇ ಸಾಕು. 2019-20ರಲ್ಲಿ ಮೋಹನ್ ಬಗಾನ್‌ಗೆ ಐ-ಲೀಗ್ (ಭಾರತದ ಇನ್ನೊಂದು ಲೀಗು) ಗೆದ್ದುಕೊಟ್ಟರು, ಅದೂ ನಾಲ್ಕು ಸುತ್ತು ಬಾಕಿ ಇರುವಾಗಲೇ. ಮರುವರ್ಷ ಬ್ಲಾಸ್ಟರ್ಸ್‌ಗೆ ಬಂದರು. 11 ಟೀಮುಗಳ ಲೀಗಿನಲ್ಲಿ ನಮಗೆ ಹತ್ತನೇ ಸ್ಥಾನ, ಅವರು ಸೀಸನ್ ಮುಗಿಯುವ ಮೊದಲೇ ಹೊರಗೆ. ಒಂದೇ ವರ್ಷದಲ್ಲಿ ಒಬ್ಬ ಮನುಷ್ಯ ಅಷ್ಟು ದಡ್ಡ ಆಗಲು ಸಾಧ್ಯ ಇಲ್ಲ. ಬದಲಾದದ್ದು ಟೀಮು, ಲೀಗು, ತಯಾರಿಗೆ ಸಿಕ್ಕ ಸಮಯ.

ಇಷ್ಟು ಹೇಳಿದರೆ "ಹಾಗಾದ್ರೆ ಕೋಚ್ ಸುಮ್ನೆ ನಿಂತಿರುವವನಾ?" ಅಂತ ಕೇಳುತ್ತಾರೆ. ಖಂಡಿತ ಅಲ್ಲ. ಒಳ್ಳೆಯ ಕೋಚ್ ಟೀಮಿನ ಮಟ್ಟವನ್ನೇ ಎತ್ತುತ್ತಾರೆ. ಆದರೆ ಆ ಏರಿಕೆ ಮೊದಲು ಕಾಣುವುದು ಗೋಲಿನಲ್ಲಿ ಅಲ್ಲ, ಅವಕಾಶಗಳಲ್ಲಿ. ಅದನ್ನು ಅಳೆಯಲು ಈಗ ಎಕ್ಸ್‌ಜಿ ಎಂಬ ಲೆಕ್ಕ ಇದೆ, ಅಂದರೆ ನಿರೀಕ್ಷಿತ ಗೋಲು. ಒಂದು ಶಾಟ್ ಎಲ್ಲಿಂದ ಬಂತು, ಯಾವ ಕೋನದಿಂದ, ಕಾಲಿನಿಂದಲೋ ತಲೆಯಿಂದಲೋ ಅಂತ ನೋಡಿ, ಹಿಂದೆ ಅಂಥ ಸಾವಿರಾರು ಶಾಟ್‌ಗಳಲ್ಲಿ ಎಷ್ಟು ಗೋಲಾಗಿವೆಯೋ ಅಷ್ಟು ಅಂಕ ಕೊಡುತ್ತಾರೆ. ಪೆನಾಲ್ಟಿಗೆ ಮುಕ್ಕಾಲಿಗಿಂತ ಸ್ವಲ್ಪ ಜಾಸ್ತಿ. ಪೆನಾಲ್ಟಿ ಬಾಕ್ಸಿನ ಹೊರಗಿಂದ ಬೀಸಿದ ಶಾಟ್‌ಗೆ ನೂರಕ್ಕೆ ಮೂರು ನಾಲ್ಕು, ಅಷ್ಟೇ. ಒಂದು ಪಂದ್ಯಕ್ಕೆ ಎರಡು ಮೂರು ಗೋಲಾದರೆ, ಶಾಟ್‌ಗಳು ಇಪ್ಪತ್ತಕ್ಕೂ ಮೇಲೆ. ಎಣಿಸಲು ಜಾಸ್ತಿ ಸಿಕ್ಕಷ್ಟೂ ಅದೃಷ್ಟದ ಮಂಜು ಬೇಗ ಸರಿಯುತ್ತದೆ.

ಯುರ್ಗನ್ ಕ್ಲೊಪ್ ಅವರ ವಿಷಯ ಹೇಳಬೇಕು. 2014-15ರ ಸೀಸನ್ ಅರ್ಧ ಮುಗಿದಾಗ ಅವರು ಕೋಚ್ ಆಗಿದ್ದ ಜರ್ಮನಿಯ ಡಾರ್ಟ್‌ಮಂಡ್ 18 ಟೀಮುಗಳಲ್ಲಿ 17ನೇ ಸ್ಥಾನದಲ್ಲಿತ್ತು. ಹಿಂದಿನ ವರ್ಷ ಎರಡನೇ ಸ್ಥಾನ ಪಡೆದ ಟೀಮು! ಅವರ ಕಾಲ ಮುಗಿಯಿತು ಅಂತ ತುಂಬಾ ಜನ ಬರೆದರು. ಇಂಗ್ಲೆಂಡಿನ ಲಿವರ್‌ಪೂಲ್ ಕ್ಲಬ್ಬಿನಲ್ಲಿ ಇಯಾನ್ ಗ್ರಹಾಂ ಎಂಬ ಭೌತಶಾಸ್ತ್ರ ಓದಿದ ವಿಶ್ಲೇಷಕರು ಆ ಸೀಸನ್‌ನ ಅವಕಾಶಗಳ ಲೆಕ್ಕ ತೆಗೆದು ನೋಡಿದರು. ಆಟದ ಮಟ್ಟ ಬಿದ್ದಿರಲಿಲ್ಲ, ಗೋಲು ಮಾತ್ರ ಕೈಕೊಟ್ಟಿತ್ತು. ಡಾರ್ಟ್‌ಮಂಡ್ ಕೊನೆಗೆ ಏಳನೇ ಸ್ಥಾನಕ್ಕೆ ಏರಿತು. 2015ರ ಅಕ್ಟೋಬರ್‌ನಲ್ಲಿ ಲಿವರ್‌ಪೂಲ್ ಕ್ಲೊಪ್ ಅವರನ್ನು ಕರೆತಂದಿತು, 2019ರಲ್ಲಿ ಚಾಂಪಿಯನ್ಸ್ ಲೀಗ್, 2020ರಲ್ಲಿ ಪ್ರೀಮಿಯರ್ ಲೀಗ್. ಅಂಕಪಟ್ಟಿ ಮಾತ್ರ ನೋಡುವವರು ಆ ಹೆಸರನ್ನು ಪಟ್ಟಿಗೇ ಸೇರಿಸುತ್ತಿರಲಿಲ್ಲ.

ತಾಳ್ಮೆ ಒಂದಿದ್ದರೆ ಸಾಕು ಅಂತಲೂ ನಾನು ಹೇಳುವುದಿಲ್ಲ. ಫರ್ಗ್ಯೂಸನ್ 1986ರಲ್ಲಿ ಯುನೈಟೆಡ್‌ಗೆ ಕೋಚ್ ಆಗಿ ಬಂದು ಮೊದಲ ಲೀಗ್ ಗೆದ್ದದ್ದು 1993ರಲ್ಲಿ ಅಂತ ಎಲ್ಲರೂ ಉದಾಹರಣೆ ಕೊಡುತ್ತಾರೆ. ಸಮಯ ಸಿಕ್ಕಿಯೂ ಏನೂ ಮಾಡದೆ ಹೋದವರ ಹೆಸರು ಯಾರಿಗೂ ನೆನಪಿರುವುದಿಲ್ಲ, ಗೆದ್ದವರದ್ದು ಮಾತ್ರ ಉಳಿಯುತ್ತದೆ. ಬರೀ ಕಾಯುವುದಲ್ಲ, ಏನನ್ನು ನೋಡುತ್ತಾ ಕಾಯುತ್ತೇವೆ ಎಂಬುದು ಮುಖ್ಯ. 2018ರಲ್ಲಿ ಥಾಮಸ್ ಫ್ರಾಂಕ್ ಬ್ರೆಂಟ್‌ಫರ್ಡ್‌ನ ಕೋಚ್ ಆದಾಗ ಮೊದಲ ಹತ್ತು ಪಂದ್ಯಗಳಲ್ಲಿ ಎಂಟು ಸೋತರು. ಅದು ಅಂಕಿಅಂಶಗಳನ್ನು ನಂಬುವ ಕ್ಲಬ್, ಮಾಲೀಕರು ಅಂಥ ಲೆಕ್ಕದಿಂದಲೇ ದುಡ್ಡು ಮಾಡಿದವರು. ಅವರು ಫ್ರಾಂಕ್ ಅವರನ್ನು ಕಳಿಸಲಿಲ್ಲ. 2021ರಲ್ಲಿ ಅದೇ ಕೋಚ್ ಕೈಯಲ್ಲಿ ಬ್ರೆಂಟ್‌ಫರ್ಡ್ 74 ವರ್ಷಗಳ ನಂತರ ಇಂಗ್ಲೆಂಡಿನ ಮೊದಲ ದರ್ಜೆಗೆ ಏರಿತು.

ನಮ್ಮ ಗದ್ದೆಗಳ ಸೆವೆನ್ಸ್ (ಒಂದು ಕಡೆ ಏಳೇ ಜನ ಆಡುವ) ಟೂರ್ನಮೆಂಟಿನಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಮ್ಯಾನೇಜರ್ ಅಂದರೆ ದುಡ್ಡು ಹೊಂದಿಸಿ ಆಟಗಾರರನ್ನು ಕರೆತರುವವರು, ಸೋತರೆ ಅದೇ ರಾತ್ರಿ ಮನೆಗೆ. ಅದನ್ನೇ ನೋಡಿ ಬೆಳೆದ ನಮಗೆ ಫುಟ್‌ಬಾಲ್ ಅಂದರೆ ಇವತ್ತು ರಾತ್ರಿಯ ತೀರ್ಪು ಅನ್ನಿಸುವುದು ಸಹಜ. ಲೀಗು ಬೇರೆ.

ಹಾಗಾಗಿ ಮುಂದಿನ ಸಲ ಬ್ಲಾಸ್ಟರ್ಸ್‌ಗೆ ಹೊಸ ಹೆಸರು ಬಂದಾಗ ನಾನು ಗೆದ್ದ ಕಪ್ ಎಣಿಸುವುದಿಲ್ಲ. ಅವರ ಹಿಂದಿನ ಟೀಮಿನ ಸಂಬಳ ಎಷ್ಟಿತ್ತು, ಅದಕ್ಕೆ ಹೋಲಿಸಿದರೆ ಅವರು ಮೇಲೆ ಮುಗಿಸಿದರಾ ಕೆಳಗೆ ಮುಗಿಸಿದರಾ ಅಂತ ನೋಡುತ್ತೇನೆ. ಅವರು ಇದ್ದ ಎರಡು ಮೂರು ವರ್ಷಗಳಲ್ಲಿ ಟೀಮು ಹುಟ್ಟಿಸುವ ಅವಕಾಶಗಳು ಹೆಚ್ಚಿದವಾ, ಬಿಟ್ಟುಕೊಡುವುದು ಕಡಿಮೆಯಾಯಿತಾ ಅಂತ ನೋಡುತ್ತೇನೆ. ಇಪ್ಪತ್ತರ ಆಸುಪಾಸಿನ ಹುಡುಗರಿಗೆ ಎಷ್ಟು ನಿಮಿಷ ಆಡಲು ಕೊಟ್ಟರು ಅಂತಲೂ ನೋಡುತ್ತೇನೆ, ಏಕೆಂದರೆ ಸಂಬಳಕ್ಕೆ ಮಿತಿ ಇರುವ ಲೀಗಿನಲ್ಲಿ ಇರುವ ಆಟಗಾರನನ್ನೇ ಬೆಳೆಸುವುದು ಬೇರೆಯವರಿಗಿಂತ ಮುಂದೆ ಹೋಗಲು ಇರುವ ದೊಡ್ಡ ದಾರಿ. ತ್ರಿಕ್ಕರಿಪುರದಲ್ಲಿ ಇವತ್ತೂ ಸಂಜೆ ಬೂಟು ಕಟ್ಟಿಕೊಂಡು ಇಳಿಯುವ ಹುಡುಗರಿದ್ದಾರೆ, ಅವರಲ್ಲಿ ಒಬ್ಬನಿಗಾದರೂ ಅಂಥ ಕೋಚ್ ಸಿಗಲಿ ಎಂಬುದು ನನ್ನ ಆಸೆ. ಮತ್ತೆ, ಆ ಕೋಚ್ ಸೀಸನ್ ಶುರುವಾಗುವ ಮೊದಲೇ ಬರಬೇಕು, ನಡುವಿನಲ್ಲಿ ಅಲ್ಲ. ಮಾರ್ಚ್‌ನಲ್ಲಿ ಬಂದವರಿಗೆ ಅಭ್ಯಾಸಕ್ಕೆ ಸಿಗುವುದು ಎರಡು ಪಂದ್ಯಗಳ ನಡುವಿನ ನಾಲ್ಕೈದು ದಿನ. ಅಷ್ಟರಲ್ಲಿ ಯಾರೂ ಹೊಸ ಆಟ ಕಲಿಸಲಾರರು.